ಒಂದು ಮಿಗ್‌ಗೆ ಬಣ್ಣ ಹಚ್ಚಿದ ಹನ್ನೊಂದು ವಾರ

ಮೊನ್ನೆ ಭಾನುವಾರ ರಾತ್ರಿ ಒಂದೂವರೆಗೆ ಮೌಸ್ ಕೆಳಗಿಟ್ಟು ಕುರ್ಚಿಗೆ ಒರಗಿದೆ. ಕೆಲಸ ಮುಗಿದಿತ್ತು. ಎರಡು ವಾರಾಂತ್ಯದಲ್ಲಿ ಆಗಬಹುದು ಅಂದುಕೊಂಡಿದ್ದು ಹನ್ನೊಂದು ವಾರ ಹಿಡಿಯಿತು. ಡಿಸಿಎಸ್ ವರ್ಲ್ಡ್ ಅನ್ನೋ ಯುದ್ಧವಿಮಾನ ಸಿಮ್ಯುಲೇಟರ್‌ನಲ್ಲಿ ಮಿಗ್-21ಕ್ಕೆ ನಮ್ಮ ವಾಯುಪಡೆಯ ಬಣ್ಣದ ಸ್ಕಿನ್ ಮಾಡಿದ ಕಥೆ ಇದು. ಸ್ಕಿನ್ ಅಂದರೆ ವಿಮಾನದ ಮೈಮೇಲಿನ ಬಣ್ಣ, ಗುರುತು, ನಂಬರು, ಕೊಳೆ ಎಲ್ಲ ಸೇರಿದ ಚಿತ್ರ. ಆಟದವರು ಇದನ್ನೇ ಲಿವರಿ ಅನ್ನುತ್ತಾರೆ. ಕೆಲಸ ಶುರು ಮಾಡಿದಾಗ ಕನ್ನಡದಲ್ಲಿ ಇದರ ಬಗ್ಗೆ ಓದೋಣ ಅಂತ ಹುಡುಕಿದೆ, ನನ್ನ ಕೈಗೆ ಏನೂ ಸಿಗಲಿಲ್ಲ. ಅದಕ್ಕೇ ಎಲ್ಲೆಲ್ಲಿ ಎಡವಿದೆ ಅನ್ನೋದನ್ನ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಶುರುವಾಗಿದ್ದು 2025ರ ಸೆಪ್ಟೆಂಬರ್ 26ಕ್ಕೆ. ಅವತ್ತು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ. 1963ರಲ್ಲಿ ಇದೇ ಊರಿನಲ್ಲಿ ಸೇವೆಗೆ ಬಂದ ವಿಮಾನ, ಅರವತ್ತೆರಡು ವರ್ಷ ಹಾರಿ ಅಲ್ಲೇ ನಿವೃತ್ತಿಯಾಯಿತು. ವಾಯುಪಡೆಯ ಮುಖ್ಯಸ್ಥರೇ ಒಂದನ್ನು ಹಾರಿಸಿದರು. ನಾನು ಆಫೀಸಿನ ಕ್ಯಾಂಟೀನಿನಲ್ಲಿ ಫೋನ್ ನೋಡುತ್ತ ಅನ್ನ ಸಾರು ತಣ್ಣಗೆ ಮಾಡಿಕೊಂಡೆ. ಸಂಜೆ ಮನೆಗೆ ಬಂದವನು, ಕೊನೆಯದಾಗಿ ಹಾರಿದ 23ನೇ ಸ್ಕ್ವಾಡ್ರನ್, ಅಂದರೆ ಪ್ಯಾಂಥರ್ಸ್‌ನ ಒಂದು ವಿಮಾನವನ್ನು ಕಂಪ್ಯೂಟರಿನಲ್ಲಾದರೂ ಉಳಿಸಿಕೊಳ್ಳೋಣ ಅಂತ ಕೂತೆ.

ಈ ಕೆಲಸ ನನಗೆ ಪೂರ್ತಿ ಹೊಸದೇನೂ ಆಗಿರಲಿಲ್ಲ. ಕಾಲೇಜಿನಲ್ಲಿದ್ದಾಗ ಐಎಲ್-2 1946 ಆಡುತ್ತಿದ್ದೆವು. ಅದರಲ್ಲಿ ಸ್ಕಿನ್ ಅಂದರೆ 1024 ಚದರದ, 256 ಬಣ್ಣದ ಒಂದು ಬಿಎಂಪಿ ಚಿತ್ರ. ಪೇಂಟ್‌ನಲ್ಲಿ ತೆಗೆದು, ಗೀಚಿ, ಫೋಲ್ಡರಿಗೆ ಹಾಕಿದರೆ ಆಯಿತು. ಅದೇ ಧೈರ್ಯದಲ್ಲಿ ಹೊರಟಿದ್ದು.

ಮೊದಲ ಪೆಟ್ಟು ಹಾರ್ಡ್ ಡಿಸ್ಕಿನದು. ಮೂಲ ಆಟ ಉಚಿತ, ಜೊತೆಗೆ ಸು-25ಟಿ ಮತ್ತು ಟಿಎಫ್-51ಡಿ ಅನ್ನೋ ಎರಡು ವಿಮಾನವೂ ಸಿಗುತ್ತವೆ. ಆದರೆ ಜಾಗ ಬೇಕಲ್ಲ? ನನ್ನ 512 ಜಿಬಿ ಎಸ್‌ಎಸ್‌ಡಿಯಲ್ಲಿ ಮದುವೆ ಫೋಟೊ, ಆಫೀಸ್ ಫೈಲು, ಮಗಳ ಡ್ಯಾನ್ಸ್ ವಿಡಿಯೊ ಎಲ್ಲ ತುಂಬಿತ್ತು. 5,800 ರೂಪಾಯಿ ಕೊಟ್ಟು ಇನ್ನೊಂದು 1 ಟಿಬಿಯದು ತಂದೆ. ಡೌನ್‌ಲೋಡ್ ಮೂರು ರಾತ್ರಿ ನಡೆಯಿತು. ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ಪುಣ್ಯಕ್ಕೆ ಬಿಟ್ಟ ಕಡೆಯಿಂದಲೇ ಮುಂದುವರಿಯಿತು. ಮುಗಿದಿದ್ದು ಆಯುಧಪೂಜೆಯ ದಿನ. ಜಾಯ್‌ಸ್ಟಿಕ್‌ಗೂ ಕುಂಕುಮ ಇಟ್ಟು ಒಂದು ಚೆಂಡುಹೂವು ಸಿಕ್ಕಿಸಿದೆ. ಹೆಂಡತಿ ನಕ್ಕಳು.

ಆಟದಲ್ಲಿರುವ ಮಿಗ್-21ರ ಮಾದರಿಯ ಹೆಸರು ಮಿಗ್-21ಬಿಸ್. ಅದು ಬೇರೆ ಮಾಡ್ಯೂಲ್, ಅಂದರೆ ಮೂಲ ಆಟದ ಜೊತೆ ಬರಲ್ಲ, ದುಡ್ಡು ಕೊಟ್ಟು ಕೊಳ್ಳಬೇಕು. ಮೊದಲ ದಿನವೇ ಕೊಳ್ಳಬೇಡಿ. 14 ದಿನ ಉಚಿತವಾಗಿ ಹಾರಿಸಿ ನೋಡುವ ಸೌಲಭ್ಯ ಇದೆ. ಅದು ಮುಗಿದ ಮೇಲೂ ವಿಮಾನದ ಹೊರಮೈ ಎಲ್ಲರ ಕಂಪ್ಯೂಟರಿನಲ್ಲೂ ಇದ್ದೇ ಇರುತ್ತದೆ, ಇಲ್ಲದಿದ್ದರೆ ಬೇರೆಯವರು ಹಾರಿಸುವಾಗ ನಿಮಗೆ ಕಾಣುವುದಾದರೂ ಹೇಗೆ? ಹಾಗಾಗಿ ಕಂಪ್ಯೂಟರ್ ಓಡಿಸುವ ವಿಮಾನವಾಗಿ ರನ್‌ವೇ ಮೇಲೆ ನಿಲ್ಲಿಸಿಕೊಂಡು ಬಣ್ಣ ಪರೀಕ್ಷೆ ಮಾಡಬಹುದು. ನಾನು ಸುಮಾರು ಕೆಲಸ ಹಾಗೇ ಮಾಡಿದೆ. ನವೆಂಬರ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಾಗ ಕೊಂಡೆ. 25 ಡಾಲರ್ ಅಂದರೆ ಕಾರ್ಡಿನ ವಿದೇಶಿ ಶುಲ್ಕ, ಅದರ ಮೇಲೆ ಜಿಎಸ್‌ಟಿ ಎಲ್ಲ ಸೇರಿ 2,290 ರೂಪಾಯಿ. ಮೊದಲ ಸಲ ಪಾವತಿ ಫೇಲ್ ಆಯಿತು. ನನ್ನ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆಫ್ ಇತ್ತು. ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ ನೋಡಿ, ಆಮೇಲೆ ಮರೆಯದೆ ಆಫ್ ಮಾಡಿ.

ಎರಡನೇ ಪೆಟ್ಟು ದೊಡ್ಡದು. ಬಣ್ಣ ಹಚ್ಚುವ ಟೆಂಪ್ಲೇಟ್ ತೆಗೆದು ಫೋಟೊ ಪಕ್ಕದಲ್ಲಿಟ್ಟುಕೊಂಡು ಕೂತ ಮೊದಲ ಗಂಟೆಯಲ್ಲೇ ಏನೋ ಸರಿ ಇಲ್ಲ ಅನ್ನಿಸಿತು. ಕಾಕ್‌ಪಿಟ್ ಮುಂದಿನ ಗಾಜು ನೋಡಿದೆ. ಆಟದ ಮಿಗ್‌ನಲ್ಲಿ ಅದು ಚೌಕಟ್ಟು ಹಾಕಿದ, ತುಂಡು ತುಂಡಾದ ಗಾಜು. ಚಂಡೀಗಢದ ವಿಮಾನದಲ್ಲಿ ಒಂದೇ ಬಾಗಿದ ಗಾಜು. ಆಗ ಹೊಳೆಯಿತು. ಕೊನೆಯ ತನಕ ಹಾರಿದ್ದು ಬೈಸನ್, ಅಂದರೆ ಹೊಸ ರೇಡಾರ್, ಹೊಸ ಕ್ಷಿಪಣಿ ಹಾಕಿ ಸುಧಾರಿಸಿದ ಮಿಗ್. ಆಟದಲ್ಲಿರುವುದು ಸುಧಾರಣೆಗೆ ಮುಂಚಿನ ಬಿಸ್. ಬಣ್ಣ ಹಚ್ಚಿದರೆ ಗಾಜಿನ ಆಕಾರ ಬದಲಾಗುತ್ತಾ?

ಆಕಾರ ಬದಲಿಸಬೇಕು ಅಂದರೆ ಅದು ಸ್ಕಿನ್ ಅಲ್ಲ, ಮಾಡ್. ತ್ರೀಡಿ ಮಾದರಿ ಕಟ್ಟಬೇಕು, ಅದನ್ನು ಆಟಕ್ಕೆ ಅರ್ಥವಾಗುವ ರೂಪಕ್ಕೆ ತರಬೇಕು. ಅದು ವರ್ಷಗಟ್ಟಲೆ ಎಳೆಯುವ ಕೆಲಸ. ನನ್ನ ಕೈಲಿ ಆಗಲ್ಲ. ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡಿದೆ. ಆಮೇಲೆ ತೀರ್ಮಾನಿಸಿದೆ: ಬೈಸನ್ ಅಂತ ಸುಳ್ಳು ಹೇಳುವುದು ಬೇಡ, ಅದಕ್ಕೂ ಹಿಂದಿನ ಕಾಲದ ಬೂದು ಬಣ್ಣದ ಬಿಸ್ ಮಾಡೋಣ. ಅಂದ ಹಾಗೆ, ಗೆಳೆಯನೊಬ್ಬ "1971ರದ್ದು ಮಾಡೋ, ಢಾಕಾದ ಗವರ್ನಮೆಂಟ್ ಹೌಸ್ ಮೇಲೆ ದಾಳಿ ಮಾಡಿದ್ದು" ಅಂತ ದುಂಬಾಲು ಬಿದ್ದ. ಅದು ಎಫ್‌ಎಲ್ ಮಾದರಿ ಕಣೋ, ಅದರ ಮೈಯೊಳಗೆ ಗನ್ನೇ ಇರಲಿಲ್ಲ, ಬೆನ್ನೂ ಇಷ್ಟು ದಪ್ಪ ಇರಲಿಲ್ಲ ಅಂದೆ. "ಯಾರು ನೋಡ್ತಾರೆ?" ಅಂದ. ನೋಡುವವರು ಒಬ್ಬರಿದ್ದರು, ಮುಂದೆ ಬರುತ್ತಾರೆ.

ಟೆಂಪ್ಲೇಟ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ದರ್ಜಿ ಅಂಗಿ ಹೊಲಿಯುವ ಮೊದಲು ಬಟ್ಟೆ ಕತ್ತರಿಸಿ ಮೇಜಿನ ಮೇಲೆ ಹರಡುತ್ತಾನಲ್ಲ, ತೋಳು ಒಂದು ಕಡೆ, ಕಾಲರ್ ಒಂದು ಕಡೆ, ಬೆನ್ನು ಇನ್ನೊಂದು ಕಡೆ, ಹಾಗೆ ವಿಮಾನದ ಮೈಯನ್ನು ತುಂಡು ತುಂಡಾಗಿ ಬಿಡಿಸಿ ಒಂದು ಚಚ್ಚೌಕದಲ್ಲಿ ಹರಡಿರುತ್ತಾರೆ. ನಾವು ಬಣ್ಣ ಹಚ್ಚುವುದು ಆ ತುಂಡುಗಳ ಮೇಲೆ. ಆಟ ಅದನ್ನು ಹೊಲಿದು ವಿಮಾನಕ್ಕೆ ತೊಡಿಸುತ್ತದೆ. ಟೆಂಪ್ಲೇಟಿನಲ್ಲಿ ಪದರ ಪದರವಾಗಿ ತಗಡಿನ ಜೋಡಣೆ ಗೆರೆ, ರಿವೆಟ್, ಎಚ್ಚರಿಕೆ ಬರಹ, ನೆರಳು ಎಲ್ಲ ಬೇರೆ ಬೇರೆ ಇರುತ್ತವೆ. ಇವನ್ನು ಮುಟ್ಟಬೇಡಿ. ಇವುಗಳ ಕೆಳಗೆ ಹೊಸ ಪದರ ಮಾಡಿಕೊಂಡು ಅಲ್ಲಿ ಬಣ್ಣ ಹಚ್ಚಿ. ಫೋಟೊಶಾಪ್ ಬೇಕಾಗಿಲ್ಲ, ಉಚಿತವಾಗಿ ಸಿಗುವ ಗಿಂಪ್ ಸಾಕು. ಅದು ಫೋಟೊಶಾಪಿನ ಪಿಎಸ್‌ಡಿ ಫೈಲನ್ನೂ ತೆಗೆಯುತ್ತದೆ, ಆಟಕ್ಕೆ ಬೇಕಾದ ಡಿಡಿಎಸ್ ರೂಪದಲ್ಲೂ ಉಳಿಸುತ್ತದೆ.

ನಾನು ಬಳಸಿದ್ದು ಒಬ್ಬ ಹವ್ಯಾಸಿ ತಿದ್ದಿ ಚೆಂದ ಮಾಡಿದ್ದ ಟೆಂಪ್ಲೇಟ್. ಜೊತೆಗಿದ್ದ ಸೂಚನೆಯಲ್ಲಿ 'ಹಂಚುವ ಮೊದಲು ನನ್ನನ್ನು ಕೇಳಿ' ಅಂತಿತ್ತು. ಕೇಳಿ ಬರೆದೆ. ಒಂಬತ್ತು ದಿನಕ್ಕೆ ಒಂದು ಸಾಲಿನ ಉತ್ತರ ಬಂತು: ಹೆಸರು ಹಾಕು, ದುಡ್ಡಿಗೆ ಮಾರಬೇಡ. ಇದನ್ನು ಕೊನೆಗೆ ಬಿಡದೆ ಮೊದಲ ವಾರವೇ ಕೇಳಿಬಿಡಿ. ಇನ್ನು ಬೇರೆಯವರು ತೆಗೆದ ಫೋಟೊ ಕತ್ತರಿಸಿ ಅಂಟಿಸುವುದಂತೂ ಬೇಡವೇ ಬೇಡ. ನೋಡಿ ಬರೆಯುವುದು ಬೇರೆ, ಅಂಟಿಸುವುದು ಬೇರೆ.

ನಿಜವಾದ ವಿಮಾನ ನೋಡಬೇಕು ಅನ್ನಿಸಿತು. ಬೈಕಿನಲ್ಲಿ ಹೋಗಿ ಬರುವಷ್ಟು ದೂರದ ಒಂದು ಕಾಲೇಜಿನ ಆವರಣದಲ್ಲಿ ಹಳೆಯ ಮಿಗ್ ನಿಲ್ಲಿಸಿದ್ದಾರೆ. 400 ರೂಪಾಯಿ ಪೆಟ್ರೋಲ್. ಹೋಗಿ ನೋಡಿದರೆ ಮನೆ ಗೇಟಿಗೆ ಹೊಡೆಯುವ ಎನಾಮಲ್ ಪೇಂಟನ್ನು ಮೇಲಿಂದ ಕೆಳಗೆ ಬಳಿದಿದ್ದಾರೆ, ರಿವೆಟ್ ಕೂಡ ಮುಚ್ಚಿಹೋಗಿವೆ. ಒಂದೇ ಒಂದು ಎಚ್ಚರಿಕೆ ಬರಹ ಉಳಿದಿಲ್ಲ. ವಾಚ್‌ಮನ್ "ಏನ್ ಸಾರ್, ಕೊಂಡ್ಕೊಳ್ತೀರಾ?" ಅಂತ ಕೇಳಿದರು. ಒಂದು ಲಾಭವಾಯಿತು. ರೆಕ್ಕೆಯ ಕೆಳಗೆ ನಿಂತಾಗ ವಿಮಾನ ಎಷ್ಟು ಚಿಕ್ಕದು, ರೆಕ್ಕೆ ಎಷ್ಟು ತೆಳ್ಳಗೆ ಅನ್ನೋದು ಗೊತ್ತಾಯಿತು. ಆದರೆ ಸ್ಮಾರಕವಾಗಿ ನಿಲ್ಲಿಸಿದ ವಿಮಾನದ ಬಣ್ಣವನ್ನು ಮಾತ್ರ ನಂಬಬೇಡಿ. ಸೇವೆಯಲ್ಲಿದ್ದಾಗ ತೆಗೆದ, ತಾರೀಖು ಗೊತ್ತಿರುವ ಫೋಟೊಗಳೇ ಆಧಾರ. ಅದರಲ್ಲೂ ಒಂದೇ ವಿಮಾನದ ಎಡ, ಬಲ ಎರಡೂ ಸಿಗುವುದು ಕಷ್ಟ. ನನ್ನ ಫೋಲ್ಡರಿನಲ್ಲಿ 140 ಫೋಟೊ ಸೇರಿತು, ಅದರಲ್ಲಿ ಹೊಟ್ಟೆಯ ಕಡೆಯದು ಮೂರೇ ಮೂರು.

ಅಕ್ಟೋಬರ್ ಎರಡನೇ ವಾರ ಮೊದಲ ಬಣ್ಣ ಹಚ್ಚಿ ಆಟಕ್ಕೆ ಹಾಕಿದೆ. ಏನೂ ಕಾಣಲಿಲ್ಲ. ಪಟ್ಟಿಯಲ್ಲಿ ನನ್ನ ಸ್ಕಿನ್ನಿನ ಹೆಸರೇ ಇಲ್ಲ. ನಾಲ್ಕು ಸಂಜೆ ಹೀಗೇ ಹೋದವು. ನಿಮ್ಮ ನಾಲ್ಕು ಸಂಜೆ ಉಳಿಯಲಿ ಅಂತ ವಿವರವಾಗಿ ಹೇಳುತ್ತೇನೆ.

ಸ್ಕಿನ್ ಹಾಕಬೇಕಾದ ಜಾಗ ಆಟ ಇನ್‌ಸ್ಟಾಲ್ ಆಗಿರುವ ಫೋಲ್ಡರ್ ಅಲ್ಲ. ವಿಂಡೋಸ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ 'ಸೇವ್ಡ್ ಗೇಮ್ಸ್' ಅಂತ ಇರುತ್ತದೆ. ಅದರೊಳಗೆ 'ಡಿಸಿಎಸ್', ಅದರೊಳಗೆ 'ಲಿವರೀಸ್', ಅದರೊಳಗೆ ವಿಮಾನದ ಹೆಸರಿನ ಫೋಲ್ಡರ್, ಅದರೊಳಗೆ ನಿಮ್ಮ ಸ್ಕಿನ್ನಿನ ಫೋಲ್ಡರ್. ವಿಮಾನದ ಹೆಸರನ್ನು ಆಟ ಒಳಗೆ ಹೇಗೆ ಬರೆದುಕೊಂಡಿದೆಯೋ ಹಾಗೇ ಬರೆಯಬೇಕು. ನಾನು ನಡುವಿನ ಅಡ್ಡಗೆರೆ ಬಿಟ್ಟಿದ್ದೆ. ಆಟದ್ದೇ ಫೋಲ್ಡರಿನಿಂದ ಹೆಸರನ್ನು ಕಾಪಿ ಮಾಡಿ, ಕೈಯಲ್ಲಿ ಟೈಪ್ ಮಾಡಬೇಡಿ. ಇನ್‌ಸ್ಟಾಲ್ ಫೋಲ್ಡರಿನಲ್ಲೇ ಹಾಕಿದರೆ ಏನಾಗುತ್ತೆ ಅಂತ ಕೇಳಬಹುದು. ಕಾಣುತ್ತೆ. ಆದರೆ ಮುಂದಿನ ಅಪ್‌ಡೇಟ್ ಅಥವಾ ರಿಪೇರಿಯಲ್ಲಿ ಗುಡಿಸಿಹೋಗಬಹುದು.

ಹೆಸರು ಸರಿ ಮಾಡಿದ ಮೇಲೂ ಕಾಣಲಿಲ್ಲ. ಈ ಸಲ ತಪ್ಪು ಡಿಸ್ಕ್ರಿಪ್ಶನ್ ಫೈಲಿನದು. ಅದು ಲುವಾ ಭಾಷೆಯ ಚಿಕ್ಕ ಫೈಲು, ನೋಟ್‌ಪ್ಯಾಡಿನಲ್ಲಿ ತೆಗೆಯಬಹುದು. ಪ್ರತಿ ಸಾಲಿನಲ್ಲೂ ನಾಲ್ಕು ವಿಷಯ: ವಿಮಾನದ ಯಾವ ಭಾಗ, ಯಾವ ಬಗೆಯ ಚಿತ್ರ, ಚಿತ್ರದ ಫೈಲಿನ ಹೆಸರು, ಕೊನೆಗೆ ಟ್ರೂ ಅಥವಾ ಫಾಲ್ಸ್. ಫಾಲ್ಸ್ ಅಂದರೆ ಚಿತ್ರ ಇದೇ ಫೋಲ್ಡರಿನಲ್ಲಿದೆ, ಟ್ರೂ ಅಂದರೆ ಆಟದ ಉಗ್ರಾಣದಲ್ಲಿ ಹುಡುಕು ಅಂತ. ನನ್ನ ತಲೆ ಇದನ್ನು ಉಲ್ಟಾ ಓದಿಕೊಂಡಿತ್ತು. ಅದಕ್ಕಿಂತ ಮೋಸದ ತಪ್ಪು ಇನ್ನೊಂದಿತ್ತು. ಒಂದು ಮಾದರಿ ಸಾಲನ್ನು ವರ್ಡ್‌ನಲ್ಲಿ ಅಂಟಿಸಿಟ್ಟಿದ್ದೆ. ಅದು ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಚೆಂದ ಮಾಡಲು ಹೋಗಿ ಬಾಗಿಸಿಬಿಟ್ಟಿತ್ತು. ಕಣ್ಣಿಗೆ ಎರಡೂ ಒಂದೇ ಥರ. ಲುವಾಕ್ಕೆ ಮಾತ್ರ ಅದು ಗ್ರೀಕ್. ಕೊನೆಗೆ ಸಿಕ್ಕಿದ್ದು ಲಾಗ್ಸ್ ಫೋಲ್ಡರಿನ ಲಾಗ್ ಫೈಲಿನಲ್ಲಿ, ಇಂಥ ಸಾಲಿನಲ್ಲಿ ತಪ್ಪಿದೆ ಅಂತ ಅದು ಮೊದಲ ದಿನದಿಂದಲೂ ಹೇಳುತ್ತಲೇ ಇತ್ತು. ನಾನು ತೆಗೆದು ನೋಡಿರಲಿಲ್ಲ, ಅಷ್ಟೇ.

ಐದನೇ ಸಂಜೆ ವಿಮಾನ ಬಂತು. ಬಂದಿದ್ದು ನೋಡಿ ಅಳಬೇಕೋ ನಗಬೇಕೋ ಗೊತ್ತಾಗಲಿಲ್ಲ. ಬಲಗಡೆಯ ನಂಬರು ತಲೆಕೆಳಗಾಗಿತ್ತು. ರೆಕ್ಕೆಯ ಮೇಲಿನ ಕೇಸರಿ, ಬಿಳಿ, ಹಸಿರಿನ ವೃತ್ತ ದೋಸೆ ಹುಯ್ಯುವಾಗ ಕೈ ಜಾರಿದ ಹಾಗೆ ಉದ್ದಕ್ಕೆ ಎಳೆದುಕೊಂಡಿತ್ತು. ಬೆನ್ನಿನ ಬೂದು ಬಣ್ಣ ರೆಕ್ಕೆಯ ಬುಡಕ್ಕೆ ಬಂದಾಗ ಎರಡು ಬೆರಳು ಆಚೆಗೆ ಸರಿದಿತ್ತು. ಟೆಂಪ್ಲೇಟಿನಲ್ಲಿ ಕೆಲವು ತುಂಡುಗಳನ್ನು ಜಾಗ ಉಳಿಸಲು ತಿರುಗಿಸಿ ಇಟ್ಟಿರುತ್ತಾರೆ, ಕೆಲವನ್ನು ಹಿಗ್ಗಿಸಿರುತ್ತಾರೆ. ಕಣ್ಣಂದಾಜಿನಲ್ಲಿ ಇದು ಗೊತ್ತಾಗಲ್ಲ. ಉಪಾಯ ಇದು: ಬಣ್ಣ ಹಚ್ಚುವ ಮುಂಚೆ ಇಡೀ ಟೆಂಪ್ಲೇಟಿನ ಮೇಲೆ ಚದುರಂಗದ ಮನೆ ಹಾಕಿ, ಪ್ರತಿ ಮನೆಗೂ ಒಂದು ನಂಬರು ಬರೆದು, ಅದನ್ನೇ ವಿಮಾನಕ್ಕೆ ತೊಡಿಸಿ ನೋಡಿ. ಯಾವ ಮನೆ ಪಕ್ಕ ಯಾವ ಮನೆ ಬರುತ್ತೆ, ಎಲ್ಲಿ ಎಳೆದುಕೊಂಡಿದೆ, ಎಲ್ಲಿ ತಲೆಕೆಳಗಾಗಿದೆ ಎಲ್ಲ ಒಂದೇ ನೋಟಕ್ಕೆ ತಿಳಿಯುತ್ತದೆ. ಇದನ್ನು ಮೊದಲ ದಿನ ಮಾಡಿದ್ದರೆ ನನಗೆ ಎರಡು ವಾರ ಉಳಿಯುತ್ತಿತ್ತು. ಪ್ರತಿ ಸಲ ಆಟ ತೆಗೆದು ಮುಚ್ಚುವುದೂ ಬೇಡ, ಆಟದ ಬಿನ್ ಫೋಲ್ಡರಿನಲ್ಲಿ ಮಾಡೆಲ್ ವ್ಯೂವರ್ ಅಂತ ಇದೆ. ಅದರಲ್ಲಿ ವಿಮಾನ ಒಂದನ್ನೇ ತೆಗೆದು ಸುತ್ತಲೂ ತಿರುಗಿಸಿ ನೋಡಬಹುದು.

ಬಾಲದ ಮೇಲಿನ ಮೂರು ಬಣ್ಣದ ಪಟ್ಟಿಯಲ್ಲೂ ಎಡವಿದೆ. ಎರಡೂ ಕಡೆ ಕೇಸರಿ ಮೂತಿಯ ಕಡೆಗೇ ಇರಬೇಕು. ಅಂದರೆ ಬಲಗಡೆ ಪಟ್ಟಿಯ ಕ್ರಮ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತದೆ. ನಾನು ಎಡಗಡೆಯದನ್ನು ಕಾಪಿ ಮಾಡಿ ಹಾಕಿದ್ದೆ. ನಂಬರಿಗೆ ಹಾಗಲ್ಲ, ಅದನ್ನು ಕನ್ನಡಿ ಮಾಡಿದರೆ ಓದಲಾಗದು. ಇನ್ನು ಟೆಂಪ್ಲೇಟಿನ ಎಚ್ಚರಿಕೆ ಬರಹಗಳೆಲ್ಲ ರಷ್ಯನ್. ನಾನು ನೋಡಿದ ನಮ್ಮ ವಿಮಾನಗಳ ಫೋಟೊಗಳಲ್ಲಿ ಇದ್ದಿದ್ದು ಇಂಗ್ಲಿಷ್. ನಾಸಿಕ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ಕಟ್ಟಿದ ವಿಮಾನಗಳಿವು. ಒಂದೊಂದು ಅಕ್ಷರ ಅಳಿಸಿ, ಫೋಟೊ ಹಿಗ್ಗಿಸಿ ಓದಿ, ಮತ್ತೆ ಬರೆಯಲು ಒಂದು ವಾರ. ಯಾರಿಗೂ ಕಾಣದ ಕೆಲಸ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದೂ ಅದೇ.

ಡಿಡಿಎಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಚಿತ್ರದ ಅಳತೆ 2048 ಅಥವಾ 4096, ಹೀಗೆ ಎರಡನ್ನು ಎರಡರಿಂದಲೇ ಗುಣಿಸುತ್ತ ಹೋದರೆ ಸಿಗುವ ಸಂಖ್ಯೆಯೇ ಆಗಿರಬೇಕು. 4096 ಚದರದ ಚಿತ್ರವನ್ನು ಕುಗ್ಗಿಸದೆ ಉಳಿಸಿದರೆ 64 ಎಂಬಿ. ಕುಗ್ಗಿಸುವ ವಿಧಾನ ಎರಡು: ಡಿಎಕ್ಸ್‌ಟಿ5ರಲ್ಲಿ 16, ಡಿಎಕ್ಸ್‌ಟಿ1ರಲ್ಲಿ 8. ಪಾರದರ್ಶಕ ಭಾಗ ಇಲ್ಲದಿದ್ದರೆ ಡಿಎಕ್ಸ್‌ಟಿ1 ಸಾಕು. ಉಳಿಸುವಾಗ ಮಿಪ್‌ಮ್ಯಾಪ್ ಮಾಡು ಅನ್ನೋ ಆಯ್ಕೆ ಟಿಕ್ ಮಾಡಿ. ಅದು ಅದೇ ಚಿತ್ರದ ಚಿಕ್ಕ ಚಿಕ್ಕ ಪ್ರತಿಗಳನ್ನು ಒಳಗೇ ಇಡುತ್ತದೆ, ದೂರದಿಂದ ನೋಡುವಾಗ ಆಟ ಅವನ್ನು ಬಳಸುತ್ತದೆ. ನಾನು ಟಿಕ್ ಮಾಡದೆ ಬಿಟ್ಟಿದ್ದೆ. ದೂರ ಹೋದ ಕೂಡಲೇ ವಿಮಾನದ ಮೈಯೆಲ್ಲ ಇರುವೆ ಹರಿದ ಹಾಗೆ ಮಿನುಗುತ್ತಿತ್ತು. ಹೆಚ್ಚು ಚೆಂದ ಬರಲಿ ಅಂತ ಒಮ್ಮೆ 8192 ಮಾಡಿ ನೋಡಿದೆ. ನನ್ನ 6 ಜಿಬಿ ಗ್ರಾಫಿಕ್ಸ್ ಕಾರ್ಡ್ ಫ್ಯಾನ್ ಕೂಗಿಕೊಂಡಿತು, ಆಟ ತೆವಳಿತು, ಕಣ್ಣಿಗೆ ವ್ಯತ್ಯಾಸವೂ ಕಾಣಲಿಲ್ಲ.

ದೀಪಾವಳಿಗೆ ಊರಿಗೆ ಹೋದೆವು. ಲ್ಯಾಪ್‌ಟಾಪ್‌ನಲ್ಲಿ ಹತ್ತಾರು ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೆ. ನಮ್ಮ ಸೋದರಮಾವ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈ ನೋಡಿಕೊಳ್ಳುವ ಮೆಕ್ಯಾನಿಕ್ ಆಗಿ ಸೇರಿ, ಜೂನಿಯರ್ ವಾರಂಟ್ ಆಫೀಸರ್ ಆಗಿ ರಿಟೈರ್ ಆದವರು. ರಾಜಸ್ಥಾನದ ಒಂದು ನೆಲೆಯಲ್ಲಿ ಇದೇ ಬಿಸ್ ಜೊತೆ ವರ್ಷಗಟ್ಟಲೆ ಇದ್ದವರು. ನಾನು ಇಂಥದ್ದೊಂದು ಮಾಡುತ್ತಿದ್ದೇನೆ ಅಂತ ಅವರಿಗೆ ಹೇಳಿರಲಿಲ್ಲ. ಆಟ ಅಂದರೆ ಬೈತಾರೇನೋ ಅಂತ.

ಸಂಜೆ ಜಗಲಿಯಲ್ಲಿ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ, ಸ್ಕ್ರೀನಿಗೆ ಮೂಗು ತಾಗುವ ಹಾಗೆ ಬಗ್ಗಿ ನೋಡಿದರು. ಸುಮಾರು ಹೊತ್ತು ಮಾತಿಲ್ಲ.

"ಏನೋ ಇದು, ಶೋರೂಮ್‌ನಿಂದ ಈಗ ತಾನೇ ಬಂದಂಗಿದೆ?" ಅಂದರು.

"ಚೆನ್ನಾಗಿಲ್ವಾ ಮಾವ?"

"ಚೆನ್ನಾಗಿದೆ. ಆದ್ರೆ ಇಷ್ಟು ಕ್ಲೀನ್ ಇರೋ ಮಿಗ್ ನಾನು ನೋಡೇ ಇಲ್ಲ."

ಆಮೇಲೆ ಬೆರಳಿಟ್ಟು ತೋರಿಸುತ್ತ ಹೋದರು. ಪೈಲಟ್ ಏಣಿ ಹತ್ತುವುದು ಎಡಗಡೆಯಿಂದ, ಹಾಗಾಗಿ ಕಾಕ್‌ಪಿಟ್‌ನ ಎಡ ಅಂಚಿನಲ್ಲಿ ಬೂಟು ತಾಗಿ ಬಣ್ಣ ಸವೆದಿರಬೇಕು, ಬಲಗಡೆ ಅಷ್ಟಿರಲ್ಲ. ನಾನು ಎರಡೂ ಕಡೆ ಸಮನಾಗಿ ಸವೆಸಿದ್ದೆ. ಹೊಟ್ಟೆಯ ಕೆಳಗೆ ಗನ್ನಿನ ಬಾಯಿಯಿಂದ ಹಿಂದಕ್ಕೆ ಮಸಿ ಎಳೆದಿರಬೇಕು. ಬೆನ್ನಿನ ಮೇಲೆ ಇಂಧನ ತುಂಬುವ ಮುಚ್ಚಳದ ಸುತ್ತ ಚೆಲ್ಲಿ ಒರೆಸಿದ ಗುರುತು. "ಒರೆಸಿದ್ದು ಕಾಣಬೇಕು ಕಣೋ, ಬರೀ ಚೆಲ್ಲಿದ್ದಲ್ಲ. ನಾವು ಒರೆಸ್ತಿದ್ವಿ." ಬಾಲದ ಬುಡದಲ್ಲಿ ಬ್ರೇಕ್ ಪ್ಯಾರಾಚೂಟ್ ಇಡುವ ಗೂಡಿದೆ. ಪ್ರತಿ ಸಲ ಇಳಿದ ಮೇಲೆ ಅದನ್ನು ತೆಗೆದು ಮತ್ತೆ ತುಂಬುತ್ತಾರೆ, ಅಲ್ಲಿ ಕೈ ಗುರುತು ಖಾಯಂ. ಮರಳುಗಾಡಿನ ನೆಲೆಯಾದರೆ ಮೇಲ್ಮೈ ಬಣ್ಣ ಬಿಸಿಲಿಗೆ ಸುಣ್ಣದ ಥರ ಪೇಲವ ಆಗಿರುತ್ತದೆ, ತಗಡಿನ ಸಂದಿಯಲ್ಲಿ ಕಪ್ಪಲ್ಲ, ಕೆಂಪು ಧೂಳು ಕೂತಿರುತ್ತದೆ.

ಮೂತಿಯ ಕೋನ್ ಬಂತು. ಅಲ್ಲಿಗೆ ಅವರ ದನಿ ಏರಿತು. ನಾನು ಅದನ್ನು ಬೆಳ್ಳಿ ಲೋಟದ ಹಾಗೆ ಹೊಳೆಯುವಂತೆ ಮಾಡಿದ್ದೆ. "ಲೋ, ರೇಡಾರ್ ಕೂತಿರೋ ಜಾಗ ಅದು. ತಗಡಿನ ಥರ ಹೊಳೆದ್ರೆ ಅದರೊಳಗಿಂದ ರೇಡಾರ್ ನೋಡೋದು ಹೆಂಗೆ?"

ಇದು ನನಗೆ ನೇರವಾಗಿ ಕೆಲಸಕ್ಕೆ ಬಂತು. ಡಿಸಿಎಸ್‌ನಲ್ಲಿ ಬಣ್ಣದ ಚಿತ್ರದ ಜೊತೆ ಇನ್ನೊಂದು ಚಿತ್ರ ಇರುತ್ತದೆ, ರಫ್‌ಮೆಟ್ ಅನ್ನುತ್ತಾರೆ. ಅದರಲ್ಲಿ ಕೆಂಪು, ಹಸಿರು, ನೀಲಿಯ ಪ್ರಮಾಣ ಬೇರೆ ಬೇರೆ ಚಾನೆಲ್‌ನಲ್ಲಿ ಇರುತ್ತದೆ: ಕೆಂಪು ಚಾನೆಲ್ ಸಂದಿಗಳ ನೆರಳು, ಹಸಿರು ಚಾನೆಲ್ ಮೇಲ್ಮೈ ಎಷ್ಟು ಒರಟು ಅನ್ನೋದು, ನೀಲಿ ಚಾನೆಲ್ ಎಷ್ಟು ಲೋಹ ಅನ್ನೋದು. ಹೊಳಪು ಚೆನ್ನಾಗಿ ಕಾಣುತ್ತೆ ಅಂತ ನಾನು ನೀಲಿಯನ್ನು ಇಡೀ ವಿಮಾನಕ್ಕೆ ಏರಿಸಿಟ್ಟಿದ್ದೆ. ತಪ್ಪು. ಬಣ್ಣ ಹಚ್ಚಿದ ಜಾಗ ಲೋಹದಂತೆ ಹೊಳೆಯಲ್ಲ, ಕೆಳಗೆ ಅಲ್ಯೂಮಿನಿಯಂ ಇದ್ದರೂ ಮೇಲಿರುವುದು ಪೇಂಟು. ನೀಲಿ ಏರಬೇಕಾದ್ದು ಬೂಟು ತಾಗಿ ಸವೆದ ಅಂಚಿನಲ್ಲಿ, ಎಂಜಿನ್ನಿನ ಬಿಸಿಗೆ ಸುಟ್ಟ ಹಿಂಬದಿಯ ತುದಿಯಲ್ಲಿ. ಕೋನ್‌ನಲ್ಲಿ ಸೊನ್ನೆ. ಬೆಂಗಳೂರಿಗೆ ವಾಪಸ್ ಬಂದ ರಾತ್ರಿ ಇದೊಂದನ್ನೇ ಬದಲಿಸಿದೆ. ಆಟಿಕೆ ಥರ ಇದ್ದಿದ್ದು ಒಂದೇ ಸಲ ವಿಮಾನ ಆಯಿತು.

ಅಲ್ಲಿಂದ ಮುಂದೆ ನನ್ನ ಸಮಯವೆಲ್ಲ ಕೊಳೆಗೆ ಹೋಯಿತು. ಕೊಳೆ ಹಚ್ಚುವುದು ಕಷ್ಟ ಅಂತ ಯಾರೂ ಹೇಳಿರಲಿಲ್ಲ. ಬ್ರಷ್ ಹಿಡಿದು ಎಳೆದರೆ ಅದು ಎಳೆದ ಹಾಗೇ ಕಾಣುತ್ತದೆ. ಗಾಳಿ ಹಿಂದಕ್ಕೆ, ಎಣ್ಣೆ ಕೆಳಕ್ಕೆ. ಹಾರುವಾಗ ಸೋರಿದ್ದು ಹಿಂದಕ್ಕೆ ಹೋಗುತ್ತದೆ, ನಿಂತಾಗ ಸೋರಿದ್ದು ಕೆಳಕ್ಕೆ ಇಳಿಯುತ್ತದೆ, ಎರಡೂ ಇರಬೇಕು. ಪ್ರತಿ ಬಗೆಯ ಕೊಳೆಗೂ ಬೇರೆ ಪದರ ಇಟ್ಟುಕೊಳ್ಳಿ, ಜಾಸ್ತಿಯಾದರೆ ಒಂದನ್ನೇ ಮಂಕು ಮಾಡಬಹುದು. ಬಣ್ಣಗಳನ್ನೂ ಒಂದೆರಡು ಮೆಟ್ಟಿಲು ತಗ್ಗಿಸಿ. ಆಟದೊಳಗಿನ ಬಿಸಿಲಿಗೆ ಎಲ್ಲವೂ ಉಕ್ಕುತ್ತದೆ. ನನ್ನ ಕೇಸರಿ ಮಧ್ಯಾಹ್ನದಲ್ಲಿ ಟೊಮೆಟೊ ಆಗಿತ್ತು. ಬೆಳಗ್ಗೆ, ಮಧ್ಯಾಹ್ನ, ಮೋಡ, ಮೂರರಲ್ಲೂ ನೋಡಿ ಆಮೇಲೆ ಒಪ್ಪಿಕೊಳ್ಳಿ.

ನವೆಂಬರ್ ಕೊನೆಗೆ ಇನ್ನೊಂದು ತಲೆನೋವು. ನಾನು ಬರೆದ ನಂಬರಿನ ಮೇಲೆ ಆಟ ತಾನಾಗಿ ಹಾಕುವ ನಂಬರು ಕೂತುಬಿಟ್ಟಿತು. ಎರಡೂ ಸೇರಿ ಹಳೇ ಬಸ್ಸಿನ ಬೋರ್ಡಿನ ಹಾಗೆ. ಡಿಸ್ಕ್ರಿಪ್ಶನ್ ಫೈಲಿನಲ್ಲಿ ಆ ನಂಬರಿನ ಜಾಗಕ್ಕೆ ಖಾಲಿ ಚಿತ್ರ ಕೊಟ್ಟರೆ ಅದು ಮಾಯವಾಗುತ್ತದೆ. ಬೇರೆಯವರು ಮಾಡಿದ ಎರಡು ಮೂರು ಸ್ಕಿನ್ನಿನ ಫೈಲುಗಳನ್ನು ತೆಗೆದು ಓದಿದರೆ ಇಂಥ ಉಪಾಯಗಳೆಲ್ಲ ಅಲ್ಲೇ ಸಿಗುತ್ತವೆ. ಅಂದ ಹಾಗೆ ಬೈಸನ್ ನಂಬರುಗಳು ಸಿಯು ಅಂತ ಶುರುವಾಗುತ್ತವೆ. ಹಳೆಯ ಬಿಸ್ ಮೇಲೆ ಅದನ್ನು ಬರೆದರೆ ತಿಳಿದವರು ಕೂಡಲೇ ಹಿಡಿಯುತ್ತಾರೆ.

ಹಂಚುವುದು ಸುಲಭ ಅಂದುಕೊಂಡಿದ್ದೆ. ಜಿಪ್ ಮಾಡಿ ಸ್ಕಿನ್ ಹಂಚುವ ಒಂದು ವೆಬ್‌ಸೈಟಿಗೆ ಹಾಕಿದೆ. ಮೂರು ದಿನ ಕಾದ ಮೇಲೆ ವಾಪಸ್ ಬಂತು, ಫೋಲ್ಡರುಗಳ ಕ್ರಮ ಸರಿ ಇಲ್ಲ ಅಂತ. ಇಳಿಸಿಕೊಂಡವರು ಬಿಚ್ಚಿದ ಕೂಡಲೇ ಲಿವರೀಸ್ ಫೋಲ್ಡರಿನಿಂದಲೇ ಶುರುವಾಗುವ ಹಾಗೆ ಕಟ್ಟಬೇಕಂತೆ. ನನ್ನ ಸ್ಕ್ರೀನ್‌ಶಾಟುಗಳೂ ಒಳಗೇ ಉಳಿದಿದ್ದವು, ಸುಮ್ನೆ 200 ಎಂಬಿ ದಂಡ. ಸರಿ ಮಾಡಿ, ಟೆಂಪ್ಲೇಟ್ ಮಾಡಿದವರ ಹೆಸರು ಬರೆದ ಸೂಚನೆ ಫೈಲು ಸೇರಿಸಿ ಮತ್ತೆ ಕಳಿಸಿದೆ. ಇನ್ನೊಂದು ವಿಷಯ: ಗೆಳೆಯರ ಜೊತೆ ಆಡುವಾಗ ನಿಮ್ಮ ಸ್ಕಿನ್ ಅವರ ಕಂಪ್ಯೂಟರಿನಲ್ಲೂ ಇದ್ದರೆ ಮಾತ್ರ ಅವರಿಗೆ ಕಾಣುತ್ತದೆ. ಇಲ್ಲದಿದ್ದರೆ ಅವರ ಕಣ್ಣಿಗೆ ನೀವು ಆಟದ ಮಾಮೂಲಿ ಬಣ್ಣದಲ್ಲೇ ಹಾರುತ್ತಿರುತ್ತೀರಿ. ಫೈಲುಗಳನ್ನು ಬದಲಿಸಿದ್ದಾರಾ ಅಂತ ತಪಾಸಣೆ ಮಾಡುವ ಸರ್ವರುಗಳೂ ಇವೆ. ಆಟದ ಮೂಲ ಫೈಲು ಮುಟ್ಟದೆ ಸೇವ್ಡ್ ಗೇಮ್ಸ್‌ನಲ್ಲೇ ಇಡಿ ಅಂದಿದ್ದು ಇದಕ್ಕೂ ಸೇರಿಸಿಯೇ.

ಖರ್ಚು ಒಟ್ಟು 8,490 ರೂಪಾಯಿ. ಅದರಲ್ಲಿ ಡಿಸ್ಕ್ ಹೇಗಿದ್ದರೂ ಬೇಕಿತ್ತು ಅಂತ ಮನೆಯಲ್ಲಿ ಹೇಳಿದ್ದೇನೆ.

ಕಳೆದ ವಾರ ಮಾವ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಬಂದಿದ್ದರು. ದೊಡ್ಡ ಸ್ಕ್ರೀನಿನಲ್ಲಿ ವಿಮಾನವನ್ನು ರನ್‌ವೇ ಪಕ್ಕ ನಿಲ್ಲಿಸಿ ಕರೆದೆ. ಎಂಜಿನ್ ಶುರು ಮಾಡಿ ಹಾರಿಸಿ ತೋರಿಸೋಣ ಅಂತ ಜಾಯ್‌ಸ್ಟಿಕ್ ಹಿಡಿದೆ.

"ಹಾರಿಸೋದು ಬೇಡ, ಅದು ಪೈಲಟ್‌ಗಳ ಕೆಲಸ. ಹೊಟ್ಟೆ ಕೆಳಗೆ ಹೋಗು" ಅಂದರು.

ಕ್ಯಾಮೆರಾ ಕೆಳಗೆ ಇಳಿಸಿದೆ. ಮೌಸ್ ಅವರೇ ಇಸಕೊಂಡರು. ಮೂತಿಯಿಂದ ಬಾಲದ ತನಕ, ಬಾಲದಿಂದ ಮೂತಿಯ ತನಕ, ನಿಧಾನಕ್ಕೆ. ಕಾಫಿ ಆರಿ ಕೆನೆ ಕಟ್ಟಿತು. ಒಂದು ಕಡೆ ನಿಲ್ಲಿಸಿ, ತಾವು ನೋಡಿಕೊಳ್ಳುತ್ತಿದ್ದ ವಿಮಾನದ ನಂಬರು ಹೇಳಿ, ಅದನ್ನು ಹಾಕಕ್ಕಾಗುತ್ತಾ ಅಂತ ಕೇಳಿದರು. ಹತ್ತು ನಿಮಿಷದ ಕೆಲಸ, ಅವರೆದುರೇ ಬದಲಿಸಿದೆ. ಎದ್ದು ಹೋಗುವಾಗ ಬಾಗಿಲ ಹತ್ತಿರ ತಿರುಗಿ ನಿಂತರು.

"ಎಡಗಡೆ ಚಕ್ರದ ಬಾಗಿಲ ಹತ್ತಿರ ಇನ್ನೂ ಸ್ವಲ್ಪ ಎಣ್ಣೆ ಬೇಕು. ನಮ್ಮದು ಅಲ್ಲಿ ಯಾವಾಗ್ಲೂ ಸೋರ್ತಿತ್ತು."

ಭಾನುವಾರ ರಾತ್ರಿ ಒಂದೂವರೆಗೆ ಮುಗಿದಿದ್ದು ಆ ಎಣ್ಣೆ. ಈಗ ಇಳಿಸಿಕೊಳ್ಳುವವರಿಗೆ ಸಿಗುವುದು 1.2ನೇ ಆವೃತ್ತಿ.